ಕತ್ತಲೆಯನ್ನೂ ಕಳಿಸಬೇಕು

ರಂಗದ ಬೆಳಕಿನ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ನನ್ನನ್ನು ಹುಡುಕಿಕೊಂಡು ಅರಸೀಕೆರೆಗೆ ಬರುತ್ತಾರೆ. ಕೊಟ್ಟ ಕಾಫಿ ಆರುವ ಮೊದಲೇ ಎಲ್ಲರದೂ ಒಂದೇ ಪ್ರಶ್ನೆ: "ಮೇಡಂ, ಯಾವ ಕನ್ಸೋಲ್ ಕಲಿತರೆ ಒಳ್ಳೇದು?" ಯಾವುದನ್ನೂ ಕಲಿಯಬೇಡಿ ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ, ಆಗಲಿ. ಸೇವೆಗೆ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೂ ನನಗೆ ಯಾರೂ ದೀಪ ಏರಿಸಿ ಇಳಿಸುವ ಆ ಗುಂಡಿಗಳ ಪೆಟ್ಟಿಗೆ, ಕನ್ಸೋಲ್, ಒಂದನ್ನೂ ಕೊಡಿಸಲಿಲ್ಲ. ಆದರೂ ನಾನು ದೀಪ ನಡೆಸಿದೆ. ಹೇಗೆ ನಡೆಸಿದೆ ಎಂಬುದನ್ನು ಬರೆಯಲು ಕೂತಿದ್ದೇನೆ. ಬಡ್ತಿ, ಸನ್ಮಾನ, ಹಾರ ತುರಾಯಿ ಇವುಗಳ ಕಥೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಿ.

ನನ್ನ ಹೆಸರು ಪದ್ಮಾವತಿ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿ ಊರಿನ ಒಂದು ಟ್ರಸ್ಟಿನ ರಂಗಮಂದಿರಕ್ಕೆ ಸೇರಿದೆ. ಕಾಗದದಲ್ಲಿ ನನ್ನ ಹುದ್ದೆ 'ವಿದ್ಯುತ್ ಸಹಾಯಕಿ.' ಕೊನೆಯ ದಿನದವರೆಗೂ ಹಾಗೇ ಇತ್ತು. ನಾಟಕಕ್ಕೆ ಬೆಳಕು ಹಾಕುವುದೂ ಒಂದು ಕೆಲಸ, ಅದಕ್ಕೂ ಒಂದು ಹೆಸರಿರಬೇಕು ಎಂದು ಎಷ್ಟು ಸಲ ಹೇಳಿದರೂ ಟ್ರಸ್ಟಿನವರ ತಲೆಗೆ ಹೋಗಲಿಲ್ಲ.

ನನಗೆ ಕೆಲಸ ಕಲಿಸಿದವರು ಖಾದರ್ ಸಾಹೇಬರು. ಮರದ ಹಲಗೆಯ ಮೇಲೆ ಸಾಲಾಗಿ ಕೂರಿಸಿದ, ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರುಗಳ ಎದುರು ಅವರು ಹಾರ್ಮೋನಿಯಂ ನುಡಿಸುವವರ ಗತ್ತಿನಲ್ಲಿ ಕೂರುತ್ತಿದ್ದರು. ನಾನು ಸೇರಿದ ವಾರದಲ್ಲೇ ಆಗಿನ ಕಾರ್ಯದರ್ಶಿ ಬಂದು, ಹೆಂಗಸರು ಏಣಿ ಹತ್ತುವುದು ನೋಡಲು ಚೆನ್ನಾಗಿರುವುದಿಲ್ಲ ಎಂದರು. ಸಾಹೇಬರು ತಲೆ ಎತ್ತದೆ, "ನೋಡ್ಬೇಡಿ ಸ್ವಾಮಿ, ಹಂಗಾರೆ. ನೀವು ಸ್ಟೇಜ್ ನೋಡಿ, ಅವಳು ಹತ್ತಲಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹತ್ತು ಕಣಮ್ಮ, ನಿಂಗ್ಯಾಕೆ ಅವರ ಮಾತು" ಎಂದರು. ನಾನು ಹತ್ತಿದೆ. ಮತ್ತೆ ಯಾವತ್ತೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಅವರು ಕಲಿಸಿದ ಒಂದು ಪಾಠವನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದ್ದಕ್ಕೆಲ್ಲ ಅದೇ ಬುಡ. ನಾಟಕದಲ್ಲಿ ಪೂರ್ತಿ ಕತ್ತಲೆ ಬೇಕಾದಾಗ ಸಾಹೇಬರು ಡಿಮ್ಮರುಗಳನ್ನು ಒಂದೊಂದಾಗಿ ಇಳಿಸುತ್ತಿರಲಿಲ್ಲ. ಎಡಗೈ ಚಾಚಿ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆಯುತ್ತಿದ್ದರು. ಕರೆಂಟ್ ನಿಂತರೆ ಕತ್ತಲೆ, ಅಷ್ಟೇ. ನಮ್ಮ ಕಡೆಯ ಬೆಳಕಿನವರೆಲ್ಲ ಹಾಗೇ ಮಾಡುತ್ತಿದ್ದರು. ಕತ್ತಲೆ ಎಂದರೆ ಏನನ್ನೂ ಕೊಡದಿರುವುದು ಎಂದು ನನ್ನ ಕೈಗೆ ಆಗಲೇ ಅಭ್ಯಾಸವಾಗಿ ಹೋಯಿತು.

ಸಾಹೇಬರು ಹೋದರು, ಡಿಮ್ಮರುಗಳು ತುಕ್ಕು ಹಿಡಿದವು. ಒಂದು ದಿನ ಹಾಲಿಗೆ ಹೊಸ ಎಲ್ಇಡಿ ದೀಪಗಳು ಬಂದವು. ಅವುಗಳಿಗೆ ಕರೆಂಟಿನ ವೈರೇ ಬೇರೆ, ಅಪ್ಪಣೆಯ ವೈರೇ ಬೇರೆ. ಅಪ್ಪಣೆಯೆಲ್ಲ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ಲಿನಲ್ಲಿ ಹೋಗಬೇಕು. ದೀಪ ಕೊಂಡವರು ಅದನ್ನು ನಡೆಸುವ ಕನ್ಸೋಲ್ ಕೊಳ್ಳಲು ಮರೆತಿದ್ದರು. ಮದುವೆಗೆ ಎಲ್ಲರನ್ನೂ ಕರೆದು ಪುರೋಹಿತರನ್ನು ಮರೆತ ಹಾಗೆ. ನಾನು ಹೋಗಿ ಕೇಳಿದ್ದಕ್ಕೆ ಮ್ಯಾನೇಜರ್ ರಂಗನಾಥಯ್ಯನವರು, "ಅದನ್ನೆಲ್ಲ ಬೆಂಗಳೂರಿನ ಕಂಪನಿಯವರು ಬಾಡಿಗೆಗೆ ತರ್ತಾರೆ ಪದ್ಮಾವತಿ. ಅದು ನಿಮ್ಮ ಕೈಲಾಗೋದಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಹೊರಗಿನಿಂದ ಬಂದದ್ದು, ದೊಡ್ಡ ಪೆಟ್ಟಿಗೆಯಲ್ಲಿ ಬಂದದ್ದು ಎಂದರೆ ಕೈಮುಗಿಯುವ ಜಾತಿ.

ಕೈಲಾಗೋದಲ್ಲ ಎಂದರಲ್ಲ, ಸರಿ ಎಂದು ಸಂಜೆಯ ಕಂಪ್ಯೂಟರ್ ತರಗತಿಗೆ ಸೇರಿದೆ. ಅಲ್ಲಿನ ಮೇಷ್ಟ್ರು ಮೊದಲ ದಿನ, "ಯಾರನ್ನ ಸೇರಿಸೋಕೆ ಬಂದ್ರಿ ಅಮ್ಮಾ?" ಎಂದರು. "ನನ್ನನ್ನೇ" ಎಂದೆ. ಪೈಥಾನ್ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಕಲಿತೆ. ಬೇಗ ಬಂತು ಎಂದರೆ ಸುಳ್ಳು. ಸಾಲಿನ ಮುಂದೆ ಒಂದು ಖಾಲಿ ಜಾಗ ಹೆಚ್ಚುಕಡಿಮೆಯಾದರೂ ಅದು ಮುನಿಸಿಕೊಂಡು ಕೂರುತ್ತದೆ. ಅಂಥ ಸಿಡುಕಿನವರನ್ನು ಆಫೀಸಿನಲ್ಲಿ ಬೇಕಾದಷ್ಟು ಕಂಡಿದ್ದರಿಂದ ಹೇಗೋ ನಿಭಾಯಿಸಿದೆ. ದೀಪಗಳಿಗೆ ಯಾವ ರೀತಿಯಲ್ಲಿ ಹೇಳಿದರೆ ಅರ್ಥವಾಗುತ್ತದೆ ಎಂಬ ನಿಯಮಾವಳಿ ಗುಟ್ಟಿನದೇನಲ್ಲ, ಯಾರು ಬೇಕಾದರೂ ಓದಬಹುದು. ಓದಿದೆ.

ಅದರಲ್ಲಿ ಇರುವುದು ಇಷ್ಟು. ಒಂದು ಸಾಲಿನಲ್ಲಿ ಐನೂರ ಹನ್ನೆರಡು ಅಂಕಿಗಳು. ಈ ದೀಪದ ಕೆಂಪು ಎಷ್ಟು, ಆ ದೀಪದ ಹಳದಿ ಎಷ್ಟು ಎಂದು ಒಂದೊಂದು ಅಂಕಿ ಹೇಳುತ್ತದೆ. ಸೊನ್ನೆ ಎಂದರೆ ಆರಿದ್ದು, ಇನ್ನೂರ ಐವತ್ತೈದು ಎಂದರೆ ಪೂರ್ತಿ ಉರಿದದ್ದು. ಆ ಸಾಲನ್ನು ಪ್ರತಿ ದೀಪಕ್ಕೂ ಬೇರೆ ಬೇರೆಯಾಗಿ ಕಳಿಸಬೇಕಾಗಿಲ್ಲ. ಒಂದು ಗುಂಪಿನ ವಿಳಾಸಕ್ಕೆ ಮತ್ತೆ ಮತ್ತೆ ಕಳಿಸುತ್ತಿದ್ದರೆ ಆ ಗುಂಪಿಗೆ ಸೇರಿದ ದೀಪಗಳೆಲ್ಲ ಕೇಳಿಸಿಕೊಳ್ಳುತ್ತವೆ. ಇದಕ್ಕೆ ಮಲ್ಟಿಕಾಸ್ಟ್ ಎನ್ನುತ್ತಾರೆ. ಅರಸೀಕೆರೆ ಜಂಕ್ಷನ್ನಿನ ಪಕ್ಕ ಬೆಳೆದವಳಿಗೆ ಇದೇನು ದೊಡ್ಡ ವಿಷಯ? ಮೈಕಿನವರು ಪ್ಲಾಟ್‌ಫಾರಂ ಮೇಲೆ ಕೂತ ಒಬ್ಬೊಬ್ಬರ ಕಿವಿಗೂ ಹೋಗಿ ರೈಲು ಬಂತು ಎನ್ನುವುದಿಲ್ಲ. ಒಂದು ಸಲ ಕೂಗುತ್ತಾರೆ. ಆ ರೈಲಿಗೆ ಕಾದವರು ಗಂಟು ಎತ್ತಿಕೊಂಡು ಏಳುತ್ತಾರೆ, ಉಳಿದವರು ಕಡಲೆಕಾಯಿ ಬಿಡಿಸುತ್ತ ಕೂತಿರುತ್ತಾರೆ.

ನಾನು ಬರೆದ ಪ್ರೋಗ್ರಾಂ ಹಾಲಿನಲ್ಲಿ ಮೊದಲ ಸಲ ಒಂದು ದೀಪ ಹೊತ್ತಿಸಿದಾಗ ಸುತ್ತ ಯಾರೂ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತು. ನನಗೆ ಅಳು ಬಂತು, ಅತ್ತೆ. ಅದರಲ್ಲಿ ಮುಚ್ಚುಮರೆ ಏನಿಲ್ಲ.

ಈ ವಿದ್ಯೆಯನ್ನು ಊರಾಚೆ ತೆಗೆದುಕೊಂಡು ಹೋದದ್ದು ಹಳೇಬೀಡಿಗೆ. ಒಂದು ನೃತ್ಯ ಶಾಲೆಯವರು ಬಯಲಿನಲ್ಲಿ ವೇದಿಕೆ ಹಾಕಿದ್ದರು. ಎಲ್ಲ ಜೋಡಿಸಿ, ಪರೀಕ್ಷೆ ಮಾಡಿ, ಮೋಡ ಕಂಡಿತೆಂದು ಮಳೆಯ ಸುದ್ದಿ ನೋಡಲು ಲ್ಯಾಪ್‌ಟಾಪಿಗೆ ನನ್ನ ಫೋನಿನ ಇಂಟರ್ನೆಟ್ ಕೊಟ್ಟೆ. ನಟುವಾಂಗದ ತಾಳ ಶುರುವಾಯಿತು, ಹುಡುಗಿಯರು ಬಂದು ನಿಂತರು, ದೀಪ ಮಾತ್ರ ಒಂದೂ ಹತ್ತಲಿಲ್ಲ. ಲ್ಯಾಪ್‌ಟಾಪ್ ಎಲ್ಲ ಸರಿ ಇದೆ ಎನ್ನುತ್ತಿದೆ. ಸಂಘಟಕರು ನನ್ನ ಹಿಂದೆ ನಿಂತು, "ಏನಮ್ಮಾ, ಇನ್ನೂ ಎಷ್ಟೊತ್ತು ಐತೆ? ಎಂಎಲ್ಎ ಎದ್ದೋಯ್ತಾರೆ" ಎಂದು ಪೀಡಿಸತೊಡಗಿದರು. "ಎದ್ದೋದ್ರೆ ಹಿಂದೆ ಕೂತೋರಿಗೆ ಚೆನ್ನಾಗಿ ಕಾಣ್ತದೆ, ಸುಮ್ನಿರಿ" ಎಂದೆ. ಆಮೇಲೆ ಹೊಳೆಯಿತು. ದೀಪಗಳು ಕೇಬಲ್ಲಿನ ಕಡೆ ಕಿವಿಗೊಟ್ಟು ಕೂತಿವೆ, ಲ್ಯಾಪ್‌ಟಾಪ್ ಫೋನಿನ ಕಡೆ ತಿರುಗಿ ಕೂಗುತ್ತಿದೆ. ಫೋನ್ ಆರಿಸಿದೆ, ಬೆಳಕು ಬಂತು. ಯಾವ ದಾರಿಯಲ್ಲಿ ಕಳಿಸಬೇಕೆಂದು ಪ್ರೋಗ್ರಾಮಿನಲ್ಲಿ ನಾವೇ ಹೇಳಬೇಕು, ಅದರ ಇಷ್ಟಕ್ಕೆ ಬಿಟ್ಟರೆ ಹೀಗೆ ಮರ್ಯಾದೆ ತೆಗೆಯುತ್ತದೆ. ಹೊಸಬರು ಇದನ್ನು ಮರೆಯಬೇಡಿ.

ಇನ್ನು ಅಸಲು ವಿಷಯಕ್ಕೆ ಬರುತ್ತೇನೆ. ನನ್ನ ನಿವೃತ್ತಿ ಹತ್ತಿರವಾಗುತ್ತಿದ್ದಂತೆ ರಂಗನಾಥಯ್ಯನವರು ಟ್ರಸ್ಟಿನ ಸಮಿತಿಯ ಮುಂದೆ ಒಂದು ಯೋಜನೆ ಇಟ್ಟರು. ಹಾಲಿನ ದೀಪಗಳನ್ನು ಆ ಬಾಡಿಗೆ ಕಂಪನಿಗೇ ಗುತ್ತಿಗೆಗೆ ಕೊಡುವುದು. ಮುಂದೆ ಯಾರೇ ನಾಟಕ ಆಡಲಿ, ಕಂಪನಿಯ ಆಪರೇಟರೇ ಬರಬೇಕು, ಬೇರೆಯವರು ದೀಪ ಮುಟ್ಟುವಂತಿಲ್ಲ. ಹೊರಗಿನ ದೊಡ್ಡ ತಂಡಗಳಿಗೆ ಇದರಿಂದ ಏನೂ ತೊಂದರೆಯಿಲ್ಲ. ಬಾಣಾವರ, ಹಾರನಹಳ್ಳಿ, ಬೇಲೂರು ಕಡೆಯ ತಂಡಗಳಿಗೆ ಮಾತ್ರ ಆ ಹಾಲಿನ ಬಾಗಿಲು ಮುಚ್ಚಿದ ಹಾಗೆಯೇ. ಅವರು ಆಪರೇಟರನ್ನು ಎಲ್ಲಿಂದ ತರಬೇಕು? ನಾನು ಇಷ್ಟು ವರ್ಷ ಏಣಿ ಹತ್ತಿದ್ದು ಆ ತಂಡಗಳಿಗಾಗಿ. ನನಗೆ ಮೈಯೆಲ್ಲ ಉರಿಯಿತು.

ಸಮಿತಿಯ ಅಧ್ಯಕ್ಷೆ ನಿವೃತ್ತ ಪ್ರಾಂಶುಪಾಲರು, ಎರಡೂ ಕಡೆ ಕೇಳುವವರು. ಅವರ ಬಳಿ ನೇರವಾಗಿ ಹೋಗಿ, ನಮ್ಮವರೇ ನೆಟ್‌ವರ್ಕ್ ದೀಪ ನಡೆಸಬಲ್ಲರು, ಒಂದು ನಾಟಕ ಮಾಡಿ ತೋರಿಸುತ್ತೇವೆ, ಆಮೇಲೆ ತೀರ್ಮಾನಿಸಿ ಎಂದೆ. ಅವರು ಒಪ್ಪಿದರು. ರಂಗನಾಥಯ್ಯನವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆಫೀಸು ತಣ್ಣಗಿತ್ತು.

ನಾಟಕ ಬಾಣಾವರದ ಭಾಗ್ಯಳದು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ, ರಜೆಯಲ್ಲಿ ನಾಟಕ ಬರೆದು ಆಡಿಸುತ್ತಾಳೆ. ಈ ಸಲ ಬರೆದದ್ದು ಒಬ್ಬ ಶಿಲ್ಪಿಯ ಹೆಂಡತಿಯ ಕಥೆ. ಬೇಲೂರಿನ ಗುಡಿಯ ಒಳಗೆ, ಬಿಸಿಲು ಹೋಗದ ಮೂಲೆಯಲ್ಲಿ ಗಂಡ ಕೆತ್ತುವಾಗ ದೀಪ ಹಿಡಿದು ನಿಂತವಳು ಅವಳು. ಕಲ್ಲಿನ ಮೇಲೆ ಅವನ ಹೆಸರಿದೆ, ಅವಳದ್ದಿಲ್ಲ. ಕೊನೆಯ ದೃಶ್ಯದಲ್ಲಿ ಅವಳು ದೀಪ ಊದಿ ಆರಿಸುತ್ತಾಳೆ. ಇಡೀ ಹಾಲು ಕಗ್ಗತ್ತಲೆಯಾಗಬೇಕು. ಆ ಕತ್ತಲೆಯಲ್ಲಿ ಅವಳ ದನಿ ಮಾತ್ರ ಕೇಳಬೇಕು: ಈಗ ಕೆತ್ತು ನೋಡೋಣ. ಪಾತ್ರ ಮಾಡಿದವಳು ಸುಧಾ, ಬೇಲೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಓದಿ ತೋರಿಸಿದ ದಿನವೇ ನನಗೆ ಮೈ ಜುಮ್ಮೆಂದಿತ್ತು.

ತಾಲೀಮು ನಡೆದದ್ದು ಭಾಗ್ಯಳ ಶಾಲೆಯಲ್ಲಿ, ಎಲ್ಲಿಂದಲೋ ತಂದ ಎರಡು ಹಳೆಯ ದೀಪಗಳ ಜೊತೆ. ಕೊನೆಯ ಕತ್ತಲೆಗೆ ನಾನು ಸಾಹೇಬರು ಕಲಿಸಿದ್ದನ್ನೇ ಪೈಥಾನಿನಲ್ಲಿ ಬರೆದೆ. ಕತ್ತಲೆ ಬೇಕೇ, ಕಳಿಸುವುದನ್ನು ನಿಲ್ಲಿಸು. ಆ ಹಳೆಯ ದೀಪಗಳು ಮಾತು ನಿಂತ ಕೂಡಲೇ ಆರಿದವು. ಕೈ ಚಾಚಿ ಮೇನ್ ಎಳೆದಷ್ಟೇ ಖುಷಿಯಾಯಿತು.

ಪ್ರದರ್ಶನದ ಸಂಜೆ ಸಮಿತಿಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಕೊನೆಯವರೆಗೂ ಎಲ್ಲ ನಾನು ಅಂದುಕೊಂಡ ಹಾಗೆಯೇ ನಡೆಯಿತು. ಸುಧಾ ದೀಪ ಊದಿದಳು. ನಾನು ಗುಂಡಿ ಒತ್ತಿದೆ, ಕಳಿಸುವುದು ನಿಂತಿತು. ಹಾಲಿನ ಹೊಸ ದೀಪಗಳು ಝಗಝಗ ಎಂದು ಉರಿಯುತ್ತಲೇ ಇದ್ದವು. ಅವಳು ಮತ್ತೊಮ್ಮೆ ಊದಿದಳು, ಯಾರೋ ಕಿಸಕ್ಕೆಂದರು. "ಜೋರಾಗಿ ಊದವ್ವ" ಎಂದು ಹಿಂದಿನಿಂದ ಒಂದು ದನಿ ಬಂತು. ಹಾಲಿಗೆ ಹಾಲೇ ನಕ್ಕಿತು. ಸುಧಾ ಆ ಬೆಳಕಿನಲ್ಲೇ ನಿಂತು ತನ್ನ ಮಾತು ಹೇಳಿ ಮುಗಿಸಿದಳು. ಅವಳ ಗಟ್ಟಿತನ ನನಗಿದ್ದಿದ್ದರೆ ಎಂದು ಆ ಹೊತ್ತಿನಲ್ಲಿ ಅನ್ನಿಸಿತು.

ಸಮಿತಿಯವರ ಜೊತೆ ಕಂಪನಿಯ ಆಪರೇಟರ್ ವಿನಯನೂ ನೋಡಲು ಬಂದಿದ್ದ. ನಾಟಕ ಮುಗಿದ ಮೇಲೆ ನನ್ನ ಕಡೆಗೇ ಬಂದ. ಆಡಿಕೊಳ್ಳಲು ಬರುತ್ತಿದ್ದಾನೆ ಎಂದು ನಾನು ಸೆರಗು ಸಿಕ್ಕಿಸಿಕೊಂಡು ನಿಂತೆ. ಅವನು ಲ್ಯಾಪ್‌ಟಾಪಿಗೆ ಬಗ್ಗಿ ನೋಡಿ, "ಮೇಡಂ, ನೀವೇ ಬರ್ದಿದ್ದಾ ಇದು? ಸೂಪರ್ ಆಗಿದೆ. ಒಂದೇ ಪ್ರಾಬ್ಲಂ. ಈ ದೀಪಗಳು ಸಿಗ್ನಲ್ ನಿಂತ್ರೆ ಕೊನೇಲಿ ಕೇಳಿಸ್ಕೊಂಡಿದ್ದನ್ನೇ ಹಿಡ್ಕೊಂಡು ಕೂತಿರ್ತವೆ. ಬ್ಲ್ಯಾಕೌಟ್ ಬೇಕು ಅಂದ್ರೆ ಸೊನ್ನೆ ಕಳಿಸ್ಬೇಕು, ಕಳಿಸ್ತಾನೇ ಇರ್ಬೇಕು" ಎಂದ.

ಪೆಟ್ಟು ಬಿದ್ದದ್ದು ಎಲ್ಲಿ ಎಂದು ಆಗ ತಿಳಿಯಿತು. ಮೇನ್ ಸ್ವಿಚ್ ಎಳೆದು ಬೆಳೆದ ನಮ್ಮಂಥವರು ಮಾತ್ರ ಮಾಡುವ ತಪ್ಪು ಇದು. ನಾಚಿಕೆಯೇನೂ ಆಗಲಿಲ್ಲ. ಕೆಲಸ ಮಾಡುವವರು ತಪ್ಪು ಮಾಡುತ್ತಾರೆ, ಕುರ್ಚಿಯಲ್ಲಿ ಕೂತು ನೋಡುವವರಿಗೆ ಆ ಭಯವಿಲ್ಲ.

ಮರುದಿನ ರಂಗನಾಥಯ್ಯನವರು ಕರೆದರು. "ಆಯ್ತಲ್ಲ ಪದ್ಮಾವತಿ, ಇನ್ನು ಬಿಟ್ಬಿಡಿ. ಗೌರವವಾಗಿ ರಿಟೈರ್ ಆಗಿ."

"ಇನ್ನೊಂದು ಸಲ ಆಡ್ತೀವಿ ಸರ್."

"ಇನ್ನೊಂದು ಸಲ ನಗಿಸ್ತೀರಾ?"

"ನಕ್ಕೋರೆಲ್ಲ ಮತ್ತೆ ಬರ್ತಾರೆ ಸರ್, ಹಾಲು ತುಂಬುತ್ತೆ" ಎಂದೆ.

ಅಧ್ಯಕ್ಷೆ ಇನ್ನೊಂದು ಅವಕಾಶ ಕೊಟ್ಟರು. ಆದರೆ ರಂಗನಾಥಯ್ಯನವರು ಒಂದು ಷರತ್ತು ಹಾಕಿದರು. ಕಂಪನಿಯ ಕನ್ಸೋಲ್ ಕೂಡ ಅದೇ ನೆಟ್‌ವರ್ಕಿನಲ್ಲಿ ಜೋಡಿಸಿರಬೇಕು, ಎಲ್ಲ ದೀಪಗಳಿಗೂ ಸ್ವಲ್ಪ ಬೆಳಕು ಕಳಿಸುತ್ತಿರಬೇಕು. ನನ್ನದು ಕೈಕೊಟ್ಟರೆ ವೇದಿಕೆ ಬರಿದಾಗಬಾರದಂತೆ. ಸುರಕ್ಷತೆಯ ಮಾತಾದ್ದರಿಂದ ನಾನು ಹೂಂ ಎಂದೆ. ಎರಡನೇ ಪ್ರದರ್ಶನದ ದಿನ ಮಧ್ಯಾಹ್ನ ಜೋಡಿಸಿ ನೋಡಿದರೆ ನಾನು ಸೊನ್ನೆ ಕಳಿಸಿದರೂ ವೇದಿಕೆ ಮಂಕಾಗಿ ಬೆಳಗುತ್ತಲೇ ಇದೆ. ಈ ಪದ್ಧತಿಯಲ್ಲಿ ಕಳಿಸುವವರಿಗೆಲ್ಲ ಒಂದೊಂದು ಆದ್ಯತೆಯ ಅಂಕಿ ಇರುತ್ತದೆ. ಹೆಚ್ಚು ಆದ್ಯತೆಯವರ ಮಾತನ್ನು ದೀಪ ಕೇಳುತ್ತದೆ. ಇಬ್ಬರದೂ ಒಂದೇ ಆದರೆ ನಮ್ಮ ದೀಪಗಳು ಇಬ್ಬರಲ್ಲಿ ಹೆಚ್ಚು ಬೆಳಕು ಹೇಳಿದವರ ಮಾತು ಕೇಳುತ್ತಿದ್ದವು. ಕತ್ತಲೆ ಕೇಳುವವರು ಯಾವಾಗಲೂ ಸೋಲಬೇಕು. ನನ್ನದೂ ಕಂಪನಿಯದೂ ಎರಡೂ ನೂರರಲ್ಲೇ ಇದ್ದವು.

ನನ್ನದನ್ನು ನೂರೈವತ್ತಕ್ಕೆ ಏರಿಸಿದೆ. ನನ್ನದು ನಡೆಯುವಷ್ಟು ಹೊತ್ತು ನನ್ನದೇ ಮಾತು, ನಿಂತುಹೋದರೆ ಕಂಪನಿಯದು. ಸುರಕ್ಷತೆಗೂ ಅದೇ ಸರಿ. ಹಿಂದೆ ನಿಂತಿದ್ದ ರಂಗನಾಥಯ್ಯನವರಿಗೆ ಅಂಕಿ ಕಂಡಿತು.

"ಇದೇನಿದು? ಕಂಪನಿಯವರಿಗಿಂತ ಮೇಲೆ ಹಾಕ್ಕೊಂಡಿದ್ದೀರಾ?"

"ಹೂಂ ಸರ್."

"ಇಳಿಸಿ. ಅವರ ಕೆಳಗಿರಲಿ."

ನಮ್ಮಪ್ಪನಿಗೆ, ನಮ್ಮಜ್ಜನಿಗೆ ಕೆಳಗೆ ಕೂರು ಎಂದವರು ಬಹಳ ಜನ. ಅಜ್ಜ ಕೂತ. ಅಪ್ಪ ಮನೆಯಲ್ಲಿ ಬುದ್ಧನ ಪಟ ತಂದಿಟ್ಟು, ಇನ್ನು ಸಾಕು ಎಂದ. ನಾನು ಅಪ್ಪನ ಮಗಳು. "ಇಳಿಸಲ್ಲ ಸರ್. ಇವತ್ತು ನಾಟಕ ಭಾಗ್ಯಂದು, ಬೆಳಕು ನಂದು. ಬೇಕಾದ್ರೆ ನಾಳೆ ನಂಗೆ ಮೆಮೊ ಕೊಡಿ" ಎಂದೆ. ವಿನಯ ಕನ್ಸೋಲಿನಿಂದ ತಲೆಯೆತ್ತಿ, "ಸರ್, ಟೆಕ್ನಿಕಲಿ ಮೇಡಂ ಹೇಳಿದ್ದೇ ಕರೆಕ್ಟ್" ಎಂದು ಮತ್ತೆ ತಲೆ ತಗ್ಗಿಸಿದ. ರಂಗನಾಥಯ್ಯನವರು ಸರಸರ ಹೊರಗೆ ಹೋದರು.

ಸಂಜೆ ಸುಧಾ ದೀಪ ಊದಿದಳು. ನಾನು ಐನೂರ ಹನ್ನೆರಡು ಸೊನ್ನೆಗಳನ್ನು ಕಳಿಸಿದೆ, ಕಳಿಸುತ್ತಲೇ ಇದ್ದೆ. ಹಾಲು ಮುಳುಗಿತು. ಅಂಗೈ ಕಾಣದಂಥ ಕತ್ತಲೆ. "ಈಗ ಕೆತ್ತು ನೋಡೋಣ" ಎಂದಳು ಅವಳು, ಕೂಗದೆ, ಮನೆಯಲ್ಲಿ ಹೇಳಿದ ಹಾಗೆ. ಯಾರೂ ಕೆಮ್ಮಲಿಲ್ಲ. ಬೆಳಕು ತಂದಾಗ ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಗೆದ್ದೆವು ಎಂದುಕೊಂಡೆ. ಆದರೆ ಸಭೆಯಲ್ಲಿ ರಂಗನಾಥಯ್ಯನವರು ಹೊಸ ಮಾತು ತೆಗೆದರು. ಪದ್ಮಾವತಿಯವರಿಗೆ ಬರುತ್ತದೆ, ಒಪ್ಪೋಣ. ಅವರು ಹೋದ ಮೇಲೆ ಯಾರು? ಅಧ್ಯಕ್ಷೆಯೂ ಇದು ಕೇಳಬೇಕಾದ ಪ್ರಶ್ನೆಯೇ ಎಂದರು. ನನ್ನ ಬೀಳ್ಕೊಡುಗೆಯ ದಿನ ಸಮಿತಿ ಹೇಗೂ ಸೇರುತ್ತದೆ, ಅವತ್ತೇ ಗುತ್ತಿಗೆಗೆ ಸಹಿ ಹಾಕೋಣ ಎಂದಾಯಿತು. ನನ್ನನ್ನು ಹೊಗಳಿ ಕಳಿಸುವ ದಿನವೇ ನಮ್ಮ ತಂಡಗಳನ್ನೂ ಹೊರಗೆ ಹಾಕುವ ಏರ್ಪಾಡು.

ಉಳಿದ ಸಂಜೆಗಳಲ್ಲಿ ನಾನು ಬಾಣಾವರದ ಬಸ್ಸು ಹತ್ತಿದೆ. ಭಾಗ್ಯಳಿಗೆ ಈ ದೀಪದ ಪ್ರೋಗ್ರಾಂ ನನಗಿಂತ ಬೇಗ ಕೈಹತ್ತಿತು. ಸೊನ್ನೆ ಕಳಿಸುವ ಸಂಗತಿ ಹೇಳಿದಾಗ, "ಅಲ್ಲ ಪದ್ಮಕ್ಕ, ಸೊನ್ನೆ ಬರೆಯೋದೂ ಒಂದೇ, ಪೇಪರ್ ಖಾಲಿ ಬಿಡೋದೂ ಒಂದೇ ಅಂದ್ಕೊಂಡಿದ್ಯಾ? ನಮ್ಮ ಮಕ್ಕಳೂ ಹಿಂಗೇ ಮಾಡ್ತವೆ" ಎಂದು ನನ್ನನ್ನೇ ಹಂಗಿಸಿದಳು. ಅವಳಿಂದ ಆ ಮಾತು ಕೇಳಿಸಿಕೊಳ್ಳಲು ಖುಷಿಯಾಗಿತ್ತು.

ಬೀಳ್ಕೊಡುಗೆಯ ದಿನ ಹಾಲು ಚೆನ್ನಾಗಿಯೇ ತುಂಬಿತ್ತು. ಕಿಟಕಿಗಳಿಗೆಲ್ಲ ಕಪ್ಪು ಪರದೆ ಎಳೆದಿತ್ತು. ನನ್ನನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಮೇಜಿನ ಮೇಲೆ ಗುತ್ತಿಗೆಯ ಕಾಗದ, ಪಕ್ಕದಲ್ಲೇ ಪೆನ್ನು. ರಂಗನಾಥಯ್ಯನವರು ಹಾರವನ್ನು ಕೈಯಲ್ಲಿ ಹಿಡಿದುಕೊಂಡೇ ಮೈಕಿನ ಮುಂದೆ ಬಂದರು. ನನ್ನ ಶ್ರದ್ಧೆ, ನನ್ನ ಸರಳತೆ ಎಂದೆಲ್ಲ ನನಗೇ ಗೊತ್ತಿಲ್ಲದ ಗುಣಗಳನ್ನು ಹೇಳಿದರು. ಆಮೇಲೆ ಇನ್ನೊಂದು ಕೈಯಲ್ಲಿ ಮೇಜಿನ ಮೇಲಿನ ಪೆನ್ನು ಎತ್ತಿಕೊಂಡು ಸಮಿತಿಯವರ ಕಡೆ ತಿರುಗಿ, "ದುಃಖದ ವಿಷಯ ಏನಂದ್ರೆ, ಇವರಾದ ಮೇಲೆ ಈ ದೀಪಗಳನ್ನ ನಡೆಸೋರು ನಮ್ಮ ತಾಲೂಕಲ್ಲೇ ಯಾರೂ ಇಲ್ಲ" ಎಂದರು.

ದೀಪಗಳು ಇಳಿಯತೊಡಗಿದವು. ಫಕ್ಕನೆ ಆರಲಿಲ್ಲ. ಮೊದಲು ಹಿಂದಿನ ಪರದೆಯ ನೀಲಿ, ಆಮೇಲೆ ನನ್ನ ಮೇಲಿದ್ದದ್ದು, ಕೊನೆಗೆ ಅವರ ಮುಖದ ಮೇಲಿದ್ದದ್ದು, ಒಂದರ ಹಿಂದೆ ಒಂದು, ಹಣ್ಣಾದ ಕೈಯೊಂದು ಇಳಿಸಿದಷ್ಟು ನಯವಾಗಿ. ಹಾಲಿನ ಎಲ್ಲ ದೀಪಗಳೂ ಹೋದವು. ಮೈಕ್ ಮಾತ್ರ ಬದುಕಿತ್ತು.

"ಪದ್ಮಾವತಿ, ಏನ್ರೀ ಇದು?" ಎಂದರು ರಂಗನಾಥಯ್ಯನವರು, ಕತ್ತಲೆಯಲ್ಲಿ, ಮೈಕಿನಲ್ಲೇ.

"ನಾನಲ್ಲ ಸರ್" ಎಂದೆ. "ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೀನಿ."

"ಮತ್ತೆ ಯಾರು?"

ಹಾಲಿನ ಹಿಂದಿನ ಸಾಲಿನಿಂದ, ನನ್ನ ಲ್ಯಾಪ್‌ಟಾಪ್ ಇಟ್ಟಿದ್ದ ಕಡೆಯಿಂದ, ಹಾಜರಿ ಹೇಳುವ ದನಿಯಲ್ಲಿ ಉತ್ತರ ಬಂತು: "ನಾನು ಸಾರ್, ಬಾಣಾವರದ ಭಾಗ್ಯ. ನಮ್ಮ ಜೊತೆ ಹಾರನಹಳ್ಳಿಯೋರೂ ಅವ್ರೆ, ಬೇಲೂರಿನ ಸುಧಾನೂ ಅವ್ಳೆ, ಎಲ್ರಿಗೂ ಬತ್ತದೆ. ಆ ಪೆನ್ನು ಕೆಳಗಿಡಿ, ಬೆಳಕು ಕೊಡ್ತೀನಿ."